ಉದ್ದಂಡರಾಯರು ನೀರಿಗೆ ಗೆರೆ ಎಳೆದದ್ದು

ಮಕ್ಕಳೇ, ಈ ಕತೆ ನಡೆದ ಕಾಡಿಗೆ ದಾರಿ ಮಾತ್ರ ಕೇಳಬೇಡಿ, ಹೇಳುವುದಿಲ್ಲ. ಹೇಳಿದರೆ ನೀವೂ ಒಂದು ದೋಣಿ ಹಿಡಿದು ಹೊರಡುತ್ತೀರಿ. ಈಗಾಗಲೇ ಅಲ್ಲಿ ಕಾಲಿಡಲು ಜಾಗವಿಲ್ಲ.

ಆ ಕಾಡಿನಲ್ಲಿ ಒಂದು ಹೊಳೆ ಇದೆ. ಬಂಡೆಯಿಂದ ಬಂಡೆಗೆ ಹಾರಿ ಹಾರಿ ಸುಸ್ತಾದ ಹೊಳೆ ಒಂದು ತಿರುವಿನಲ್ಲಿ ಕಾಲು ಚಾಚಿ ಮಲಗಿಬಿಟ್ಟಿದೆ. ಆ ಅಗಲವಾದ ನೀರಿಗೆ ಬಾತಿಮಡು ಎಂದು ಹೆಸರು. ಒಂದು ದಡದಲ್ಲಿ ಕಲ್ಲುಗಳು, ಎದುರು ದಡದಲ್ಲಿ ಆಳೆತ್ತರದ ಜೊಂಡುಹುಲ್ಲು, ನಟ್ಟನಡುವೆ ಒಂದು ಬೋಳುಬಂಡೆ.

ಬಾತಿಮಡುವಿನ ಸಂಸಾರಗಳು ಹೆಚ್ಚಿಲ್ಲ. ಕಲ್ಲುಗಳ ನಡುವೆ ನೀರುನಾಯಿ ಜಾರಣ್ಣ, ಅವನ ಹೆಂಡತಿ, ಐದು ಮರಿ. ಬಿಸಿಲು ಬೀಳುವ ಮರದ ದಿಮ್ಮಿಯ ಮೇಲೆ ಆಮೆ ಚಿಪ್ಪಜ್ಜ. ಕೆಸರಿನಲ್ಲಿ ಕಪ್ಪೆ ವಟಪ್ಪ. ಜೊಂಡಿನ ಮೂಲೆಯಲ್ಲಿ ಗುಳುಮುಳುಕ ಹಕ್ಕಿಯ ಜೋಡಿ, ಮುಳುಕಕ್ಕ ಮತ್ತು ಮುಳುಕಪ್ಪ. ಬಾತುಕೋಳಿಯ ಕಾಲು ಭಾಗದಷ್ಟಿರುವ ಹಕ್ಕಿ ಅದು, ಈಜುತ್ತಾ ಈಜುತ್ತಾ ಗುಳುಕ್ ಎಂದು ಮುಳುಗಿ ಇನ್ನೆಲ್ಲೋ ಏಳುತ್ತದೆ. ಮುಳುಕಪ್ಪನಂತೂ ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೂ ಮುಳುಗಿಬಿಡುತ್ತಿದ್ದ. "ಮಳೆ ಬರುತ್ತದೇನಪ್ಪಾ?" ಎಂದರೆ ಗುಳುಕ್.

ಇನ್ನುಳಿದವರು ಕೊಕ್ಕರೆ ಉದ್ದಂಡರಾಯರು. ಬೂದು ಬಣ್ಣದ ಮೈ, ಈಟಿಯಂಥ ಕೊಕ್ಕು, ಮೈಗಿಂತ ಮುಂಚೆ ಊರಿಗೆ ಬರುವ ಕುತ್ತಿಗೆ. ರಾಯರು ಕೆಟ್ಟವರಲ್ಲ. ಆದರೆ ಅವರಿಗೆ ಎಲ್ಲವೂ ಸಾಲಾಗಿ ಇರಬೇಕು. ಮೀನು ಹಿಡಿದರೂ ಉದ್ದ ಮೀನು ಒಂದು ಕಡೆ, ಗಿಡ್ಡ ಮೀನು ಒಂದು ಕಡೆ ಜೋಡಿಸಿ, ಅಷ್ಟು ಹೊತ್ತಿಗೆ ಅರ್ಧ ಮೀನು ನೀರಿಗೆ ಜಾರಿ ಹೋಗಿ, ಉಳಿದದ್ದನ್ನು ಉಣ್ಣುವ ಪ್ರಾಣಿ.

ಒಂದು ದಿನ ಮಡುವಿಗೆ ಎರಡು ದೋಣಿ ಬಂದವು. ಬೆಂಡೆಕಾಯಿಯ ಹಾಗೆ ಉದ್ದವಾಗಿ, ಚೂಪಾಗಿ, ಕಣ್ಣು ಕುಕ್ಕುವ ಹಳದಿ ಬಣ್ಣ. ಪೇಟೆಯವರು ಅದಕ್ಕೆ ಕಯಾಕ್ ಎನ್ನುತ್ತಾರೆ. ಒಳಗೆ ಸೊಂಟದ ತನಕ ಹುದುಗಿ ಕೂತ ಒಬ್ಬ ಮನುಷ್ಯ, ಕೈಯಲ್ಲಿ ಎರಡೂ ತುದಿಗೆ ಸೌಟಿರುವ ಒಂದೇ ಹುಟ್ಟು.

ಚಿಪ್ಪಜ್ಜ ಕುತ್ತಿಗೆ ಹೊರಗೆ ಹಾಕಿ ನೋಡಿದ. "ಮೇಲರ್ಧ ಮನುಷ್ಯ, ಕೆಳಗರ್ಧ ಮೀನು! ನಮ್ಮಜ್ಜಿ ಹೇಳುತ್ತಿದ್ದಳು, ಇಂಥದ್ದೊಂದು ಬರುತ್ತದೆ ಅಂತ."

"ಚಿಪ್ಪಜ್ಜ, ನಿಮ್ಮಜ್ಜಿ ಏನು ಬಂದರೂ ಹಾಗೇ ಹೇಳುತ್ತಿದ್ದಳಂತೆ," ಎಂದ ಜಾರಣ್ಣ.

"ಬಂತಲ್ಲ ಮತ್ತೆ!"

ಎರಡು ದೋಣಿಯಿಂದ ಯಾರಿಗೂ ತೊಂದರೆಯಾಗಲಿಲ್ಲ. ಜಾರಣ್ಣನ ಮರಿಗಳು ದೋಣಿಯ ಹಿಂದೆ ಈಜಿ ಖುಷಿಪಟ್ಟವು. ಮುಂದಿನ ವಾರ ಎಂಟು ದೋಣಿ ಬಂದವು. ಅದರ ಮುಂದಿನ ವಾರ ಹತ್ತೊಂಬತ್ತು. ಆಮೇಲೆ ವಾರ, ತಿಥಿ ಯಾವುದೂ ಉಳಿಯಲಿಲ್ಲ. ಬೆಳಗಾದರೆ ಹಳದಿ, ಕೆಂಪು, ನೀಲಿ ಬೆಂಡೆಕಾಯಿಗಳು ಮಡುವಿನ ತುಂಬ. ಒಬ್ಬರು ಹಾಡು ಹಚ್ಚುವರು, ಒಬ್ಬರು ನೀರೆರಚುವರು, ಒಬ್ಬರು ಫೋನು ನೀರಿಗೆ ಬೀಳಿಸಿಕೊಂಡು ಬಾಯಿ ಬಡಿದುಕೊಳ್ಳುವರು. ಚಿಪ್ಪಜ್ಜ ಒಂದು ದಿನ ನೀರಿನಿಂದ ತಲೆ ಎತ್ತಿದರೆ ಮೇಲೆ ದೋಣಿ, ಪಕ್ಕಕ್ಕೆ ಸರಿದು ಎತ್ತಿದರೆ ಅಲ್ಲೂ ದೋಣಿ. ಉಸಿರು ತೆಗೆದುಕೊಳ್ಳಲು ಪಾಪ ಮೂರು ಸಲ ಕ್ಯೂ ನಿಂತ.

ಎಲ್ಲರಿಗಿಂತ ಹೆಚ್ಚು ಕಷ್ಟ ಮುಳುಕಕ್ಕನದು. ಅವಳ ಗೂಡು ಮರದಲ್ಲಿಲ್ಲ, ದಡದಲ್ಲಿಲ್ಲ, ನೀರಿನ ಮೇಲೇ ತೇಲುತ್ತಿತ್ತು. ಕೊಳೆತ ಜೊಂಡು, ಪಾಚಿ, ಬಳ್ಳಿ ಎಲ್ಲ ಗುಡ್ಡೆ ಹಾಕಿ, ಎರಡು ಜೊಂಡಿನ ದಂಟಿಗೆ ಬಿಗಿದು ಕಟ್ಟಿದ್ದ ಗೂಡು. ಅದರಲ್ಲಿ ನಾಲ್ಕು ಮೊಟ್ಟೆ. ಮುಳುಗುಹಕ್ಕಿಗಳ ಮನೆಯಲ್ಲಿ ಒಂದು ಪದ್ಧತಿ ಇದೆ. ಗೂಡು ಬಿಟ್ಟು ಏಳುವಾಗ ಹಸಿ ಪಾಚಿ ಎಳೆದು ಮೊಟ್ಟೆ ಮುಚ್ಚಿಯೇ ಏಳಬೇಕು. ಹಾಗೆ ಮುಚ್ಚಿದರೆ ಗಿಡುಗನಿಗೂ ಅದು ಗೂಡೆಂದು ತಿಳಿಯದು, ಹೊಳೆಯಲ್ಲಿ ಬಂದ ಕಸ ಎಂದುಕೊಂಡು ಹೋಗುತ್ತದೆ.

ದೋಣಿ ಹತ್ತಿರ ಬಂದಾಗಲೆಲ್ಲ ಮುಳುಕಕ್ಕ ಪಾಚಿ ಮುಚ್ಚಿ ಮುಳುಗುವಳು, ದೋಣಿ ಹೋದಮೇಲೆ ಎದ್ದು ಪಾಚಿ ತೆಗೆದು ಕೂರುವಳು. ಕೂತಳೋ ಇಲ್ಲವೋ ಇನ್ನೊಂದು ದೋಣಿ. ದಿನಕ್ಕೆ ಐವತ್ತು ಸಲ ಮುಚ್ಚಿ ತೆಗೆದು ಅವಳ ಕೊಕ್ಕು ಸವೆದುಹೋಯಿತು. ಮೊಟ್ಟೆಗಳು ಮರಿಯಾಗಲು ಇನ್ನು ಹತ್ತೇ ದಿನ. ಅಷ್ಟು ದಿನ ಬೆಚ್ಚಗಿದ್ದರೆ ಮರಿ, ತಣ್ಣಗಾದರೆ ಕಲ್ಲು. ಅವಳಿಗೆ ಬೇರೆ ಯಾವ ಚಿಂತೆಯೂ ಇರಲಿಲ್ಲ.

ಕೊನೆಗೆ ಅವಳು ಬೋಳುಬಂಡೆಯ ಹತ್ತಿರ ಈಜಿ ಬಂದಳು.

"ರಾಯರೇ, ಒಂದು ಉಪಕಾರ ಆಗಬೇಕಿತ್ತು."

"ಹೇಳಮ್ಮ."

"ಜೊಂಡಿನ ಮೂಲೆಗೆ ದೋಣಿ ಬಾರದ ಹಾಗೆ ಏನಾದರೂ ಮಾಡಿ. ನೀವು ಎತ್ತರ ಇದ್ದೀರಿ, ಮೂಲೆಯಲ್ಲಿ ನಿಂತರೆ ಸಾಕು, ಅವರು ನಿಮ್ಮನ್ನು ನೋಡಿ ದೂರದಿಂದಲೇ ಹೋಗುತ್ತಾರೆ. ಹತ್ತೇ ದಿನ."

ಕೇಳಿದಿರಲ್ಲ? ಅವಳು ಕೇಳಿದ್ದು ಒಂದು ಮೂಲೆ, ಹತ್ತು ದಿನ, ಅಷ್ಟೆ. ಆದರೆ ರಾಯರ ಕಣ್ಣು ಆಗಲೇ ಮಡುವಿನ ಮೇಲೆ ಹೋಗಿತ್ತು. ಹಳದಿ ಅಡ್ಡ, ಕೆಂಪು ಉದ್ದ, ನೀಲಿ ಓರೆ. ಒಂದೂ ಸಾಲಿನಲ್ಲಿರಲಿಲ್ಲ.

"ಒಂದು ಮೂಲೆಗೆ ಕಾನೂನು ಮಾಡಿದರೆ ಜನ ಏನಂದಾರು? ಮಾಡಿದರೆ ಇಡೀ ಮಡುವಿಗೇ ಮಾಡಬೇಕು," ಎಂದರು ರಾಯರು.

ಮರುದಿನ ಬೆಳಿಗ್ಗೆ ಸಭೆ ಸೇರಿತು. ರಾಯರು ನೀರಿಗಿಳಿದು, ಕೊಕ್ಕಿನ ತುದಿಯನ್ನು ನೀರಿಗೆ ಊರಿ, ಈ ದಡದಿಂದ ಆ ದಡಕ್ಕೆ ನೇರವಾಗಿ ನಡೆದರು. ಆಳ ಬಂದ ಕಡೆ ಹಾರುತ್ತಾ ಎಳೆದರು. ಹಾಗೆ ಹದಿನಾರು ಗೆರೆ ಎಳೆದು ಬಂಡೆ ಹತ್ತಿದರು.

"ಮೊದಲನೇ ಓಣಿ ನೀರುನಾಯಿಗಳಿಗೆ. ಎರಡನೆಯದು ಆಮೆಗೆ. ಮೂರರಿಂದ ಹನ್ನೆರಡು ದೋಣಿಗಳಿಗೆ. ಉಳಿದದ್ದು ಇತರರಿಗೆ. ಯಾರೂ ಗೆರೆ ದಾಟತಕ್ಕದ್ದಲ್ಲ."

ಜಾರಣ್ಣ ನೀರನ್ನು ನೋಡಿದ. ಮೂಗು ತಗುಲಿಸಿ ನೋಡಿದ. "ರಾಯರೇ, ಗೆರೆ ಎಲ್ಲಿ?"

"ಎಳೆದಾಗಿದೆ."

"ಕಾಣುವುದಿಲ್ಲವಲ್ಲ."

"ಎಳೆಯುವುದು ನನ್ನ ಕೆಲಸ, ಕಾಣುವುದು ನಿನ್ನ ಕೆಲಸ. ಎರಡನ್ನೂ ನಾನೇ ಮಾಡಲೇನು?"

ಜಾರಣ್ಣ ಮತ್ತೊಮ್ಮೆ ನೀರಿಗೆ ಮೂಗು ತಗುಲಿಸಿದ. ಮುಳುಕಪ್ಪ ತನ್ನನ್ನು ಯಾರೂ ಏನೂ ಕೇಳದಿದ್ದರೂ ಮುನ್ನೆಚ್ಚರಿಕೆಯಾಗಿ ಮುಳುಗಿದ.

ಗೆರೆ ದಾಟಿದವರನ್ನು ಕಂಡು ಕೂಗಲು ಒಬ್ಬ ಪೇದೆ ಬೇಕಿತ್ತು. ರಾಯರು ಕಪ್ಪೆ ವಟಪ್ಪನನ್ನು ಕರೆದರು. ವಟಪ್ಪ ಹತ್ತು ಮಾರು ದೂರದಲ್ಲೇ ನಿಂತು ಕೈಮುಗಿದ.

"ಸ್ವಾಮಿ, ನೀವು ನಮ್ಮ ಚಿಕ್ಕಪ್ಪನನ್ನು ತಿಂದವರು."

"ಅದು ಹಳೆಯ ಮಾತು. ಕೆಲಸದ ಮೇಲಿರುವ ಪೇದೆಯನ್ನು ನಾನು ತಿನ್ನುವುದಿಲ್ಲ."

"ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ ಸ್ವಾಮಿ?"

"ಸಂಜೆಗೆ."

"ನಾನು ಬಿಡುವು ತೆಗೆದುಕೊಳ್ಳುವುದಿಲ್ಲ ಸ್ವಾಮಿ. ನನಗೆ ಕೆಲಸ ಅಂದರೆ ಬಹಳ ಇಷ್ಟ," ಎಂದ ವಟಪ್ಪ. ಅಂದಿನಿಂದ ಅವನು ನಿದ್ದೆಯಲ್ಲೂ ಕೂಗುತ್ತಿದ್ದ.

ದೋಣಿಗಳು ಬಂದವು. ಮೊದಲ ದೋಣಿಯೇ ಹದಿನಾರೂ ಗೆರೆಗಳನ್ನು ಓರೆಯಾಗಿ ದಾಟಿತು. ವಟಪ್ಪ ಗಂಟಲು ಹರಿದುಕೊಂಡ. ರಾಯರು ಬೋಳುಬಂಡೆಯ ಮೇಲೆ ನೆಟ್ಟಗೆ ನಿಂತು ಬಲಗಡೆ ರೆಕ್ಕೆಯನ್ನು ಅಡ್ಡ ಚಾಚಿದರು. ಅದರ ಅರ್ಥ 'ನಿಲ್ಲಿ' ಎಂದು.

"ಏ, ನೋಡ್ರೋ! ಕೊಕ್ಕರೆ ಟಾಟಾ ಮಾಡ್ತಿದೆ!" ಎಂದ ದೋಣಿಯವನು.

ಹಿಂದೆ ಬರುತ್ತಿದ್ದ ಆರು ದೋಣಿಗಳೂ ರಾಯರ ಬಳಿಗೇ ಬಂದವು. ಎಲ್ಲರೂ ಟಾಟಾ ಮಾಡಿದರು. ರಾಯರು ಎಡಗಡೆ ರೆಕ್ಕೆಯನ್ನೂ ಚಾಚಿದರು. ಎಲ್ಲರೂ ಚಪ್ಪಾಳೆ ತಟ್ಟಿ ಫೋಟೋ ಹಿಡಿದುಕೊಂಡರು.

ರಾಯರ ಪಿತ್ತ ನೆತ್ತಿಗೇರಿತು. ಆದರೆ ಏನು ಮಾಡುವುದು? ದೋಣಿಯವರ ಕುತ್ತಿಗೆ ಅವರ ಕೊಕ್ಕಿಗೆ ಸಿಗುವಂಥದ್ದಲ್ಲ. ಆಗ ಚಿಪ್ಪಜ್ಜ ದೋಣಿಗೆ ದಾರಿ ಬಿಡಲು ಸ್ವಲ್ಪ ಪಕ್ಕಕ್ಕೆ ಸರಿದದ್ದು ಕಣ್ಣಿಗೆ ಬಿತ್ತು. ಸಿಗುವಂಥವರು ಸಿಕ್ಕಿದರಲ್ಲ!

"ಚಿಪ್ಪಜ್ಜ! ಎರಡನೇ ಗೆರೆ ದಾಟಿದೆ! ಶಿಕ್ಷೆ, ಒಂದು ಗಂಟೆ ಒಂಟಿಕಾಲಲ್ಲಿ ನಿಲ್ಲು!"

"ರಾಯರೇ, ನನಗಿರುವುದು ನಾಲ್ಕು ಕಾಲು. ಯಾವ ಒಂದು?"

"ನಿನಗೆ ಇಷ್ಟವಾದದ್ದು. ನಾನು ಕಟುಕನಲ್ಲ."

ಚಿಪ್ಪಜ್ಜ ದಿಮ್ಮಿಯ ಮೇಲೆ ಹಿಂದಿನ ಬಲಗಾಲು ಊರಿ ಉಳಿದ ಮೂರನ್ನೂ ಎತ್ತಿದ. ಬೊಕ್ಕಬೋರಲು ಬಿದ್ದ. ಮತ್ತೆ ಎದ್ದು ಎತ್ತಿದ, ಮತ್ತೆ ಬಿದ್ದ. ಮಧ್ಯಾಹ್ನದೊಳಗೆ ಜಾರಣ್ಣನ ಐದು ಮರಿಗಳೂ ಕಲ್ಲಿನ ಮೇಲೆ ಸಾಲಾಗಿ ಒಂಟಿಕಾಲಲ್ಲಿ ನಿಂತಿದ್ದವು. ಗೆರೆ ದಾಟಿದ ಒಂದು ಕೊರವ ಮೀನು, "ನನಗೆ ಕಾಲೇ ಇಲ್ಲ ಸ್ವಾಮಿ," ಎಂದು ಅತ್ತಿತು. "ಬೆಳೆಸಿಕೊಂಡು ಬಂದು ನಿಲ್ಲು," ಎಂದು ರಾಯರು ಅಪ್ಪಣೆ ಕೊಡಿಸಿದರು.

ಈಗ ನೀವೇ ಹೇಳಿ. ಒಂದು ಮಡುವಿನಲ್ಲಿ ಆಮೆ ಒಂಟಿಕಾಲಲ್ಲಿ ನಿಲ್ಲುತ್ತದೆ, ನೀರುನಾಯಿಗಳು ಸಾಲಾಗಿ ಒಂಟಿಕಾಲಲ್ಲಿ ನಿಲ್ಲುತ್ತವೆ, ಕೊಕ್ಕರೆ ಟಾಟಾ ಮಾಡುತ್ತದೆ, ಕಪ್ಪೆ ಹಗಲಿಡೀ ಪೇದೆಯಂತೆ ಕೂಗುತ್ತದೆ ಎಂದು ಸುದ್ದಿ ಹಬ್ಬಿದರೆ ಯಾರು ತಾನೆ ಮನೆಯಲ್ಲಿ ಕೂರುತ್ತಾರೆ? ಮಾರನೆಯ ದಿನ ಬಂದದ್ದು ಮೂವತ್ತೆಂಟು ದೋಣಿ.

ಮುಳುಕಕ್ಕ ಏದುಸಿರು ಬಿಡುತ್ತಾ ಬಂದಳು.

"ರಾಯರೇ, ಮೊದಲಿಗಿಂತ ಜಾಸ್ತಿ ಆಯಿತಲ್ಲ! ನಾನು ಕೇಳಿದ್ದು ಮೂಲೆ..."

"ನಿನ್ನ ವಿಷಯಕ್ಕೇ ಬರುತ್ತಿದ್ದೆ," ಎಂದರು ರಾಯರು. ಅವರ ಮುಖ ಗಂಭೀರವಾಗಿತ್ತು. "ಅಳತೆ ಮಾಡಿದೆ. ನಿನ್ನ ಗೂಡು ಹನ್ನೆರಡನೇ ಗೆರೆಯ ಆಚೆಗೆ ಒಂದು ಗೇಣು ಚಾಚಿಕೊಂಡಿದೆ. ಅದು ದೋಣಿಯ ಓಣಿ. ಗೂಡು ಹಿಂದಕ್ಕೆ ತೆಗೆಯಬೇಕು."

ಮುಳುಕಕ್ಕ ಗೂಡಿನ ಕಡೆ ತಿರುಗಿ ನೋಡಿದಳು. "ಗೂಡು ತೆಗೆಯುವುದೆ? ಅದು ಆ ಎರಡು ದಂಟಿನ ಆಸರೆಯಲ್ಲಿ ನಿಂತಿದೆ. ಬಿಚ್ಚಿದರೆ ತೇಲಿಹೋಗುತ್ತದೆ. ಗೂಡು ಕಟ್ಟಿ ಹನ್ನೆರಡು ದಿನವಾಯಿತು ರಾಯರೇ, ನಿಮ್ಮ ಗೆರೆ ಹುಟ್ಟಿದ್ದು ನಿನ್ನೆ!"

"ಯಾರು ಮೊದಲು ಎನ್ನುವುದು ಪ್ರಶ್ನೆಯಲ್ಲ. ನಿನಗೆ ಬಿಟ್ಟರೆ ನಾಳೆ ಚಿಪ್ಪಜ್ಜ ಏನಂದಾನು?"

ದಿಮ್ಮಿಯ ಮೇಲೆ ಏಳನೇ ಸಲ ಬೀಳುತ್ತಿದ್ದ ಚಿಪ್ಪಜ್ಜ, "ನಾನೇನೂ ಅನ್ನುವುದಿಲ್ಲ!" ಎಂದು ಕೂಗಿದ. ರಾಯರು ಕಿವಿಗೆ ಹಾಕಿಕೊಳ್ಳಲಿಲ್ಲ.

"ನಾನು ತೆಗೆಯುವುದಿಲ್ಲ," ಎಂದಳು ಮುಳುಕಕ್ಕ. ಅವಳಿಗೆ ಅಳು ಬಂದಿತ್ತು, ಆದರೆ ರಾಯರ ಮುಂದೆ ಅಳಲಿಲ್ಲ. ತಿರುಗಿ ಹೋಗಿ ಗೂಡಿನ ಮೇಲೆ ಕೂತಳು.

ಎರಡು ದಿನ ಅವಳು ಅಲುಗಲಿಲ್ಲ. ಮೂರನೆಯ ದಿನ ಹಸಿವು ತಾಳಲಾರದೆ ಗಂಡನನ್ನು ಕೂರಿಸಿ, "ಯಾರು ಬಂದರೂ ಮುಳುಗಬೇಡಿ, ನನ್ನಾಣೆ," ಎಂದು ಹೇಳಿ ನಾಲ್ಕು ಹುಳ ಹುಡುಕಲು ಹೋದಳು.

ಅವಳು ಅತ್ತ ಹೋಗುವುದನ್ನೇ ಕಾಯುತ್ತಿದ್ದ ರಾಯರು ಇತ್ತ ಬಂದರು. "ಮುಳುಕಪ್ಪ, ಗೂಡು ತೆಗೆಯುವುದು ನ್ಯಾಯವೋ ಅಲ್ಲವೋ, ನೀನೇ ಹೇಳು."

ಇದಕ್ಕಿಂತ ಕಷ್ಟದ ಪ್ರಶ್ನೆ ಮುಳುಕಪ್ಪನ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಅವನು ಪಾಚಿ ಎಳೆದು ಮೊಟ್ಟೆ ಮುಚ್ಚಿದ. ಗುಳುಕ್.

"ಮೌನ ಎಂದರೆ ಒಪ್ಪಿಗೆ," ಎಂದು ರಾಯರು ಕೊಕ್ಕಿನಿಂದ ಒಂದು ದಂಟು ಕತ್ತರಿಸಿದರು. ಇನ್ನೊಂದನ್ನೂ ಕತ್ತರಿಸಿದರು. ಗೂಡನ್ನು ಮೆಲ್ಲಗೆ ಹಿಂದಕ್ಕೆ ಎಳೆಯುವುದೇ ಅವರ ಲೆಕ್ಕಾಚಾರ. ಅಷ್ಟರಲ್ಲಿ ವಟಪ್ಪ ಕೂಗಿಕೊಂಡ. ಒಂಬತ್ತು ದೋಣಿಗಳು ಹನ್ನೆರಡನೇ ಗೆರೆಯ ಮೇಲೇ ನೇರವಾಗಿ ಬರುತ್ತಿದ್ದವು. ಗೆರೆಯ ಒಳಗೂ ಅಲ್ಲ, ಹೊರಗೂ ಅಲ್ಲ, ಮೇಲೆ! ರಾಯರಿಗೆ ಇದನ್ನು ಸಹಿಸಲಾಗಲಿಲ್ಲ. ಗೂಡು ಬಿಟ್ಟು ಎರಡೂ ರೆಕ್ಕೆ ಚಾಚಿ ಎದುರು ಓಡಿದರು. ದೋಣಿಯ ಅಲೆ ಬಂದು ಗೂಡಿಗೆ ಬಡಿಯಿತು. ಗೂಡು ಒಮ್ಮೆ ಗಿರ್ರನೆ ಸುತ್ತಿ ನಡುನೀರಿಗೆ ಹೊರಟಿತು.

ಮುಳುಕಕ್ಕ ನೀರಿನಿಂದ ಎದ್ದು ನೋಡಿದಾಗ ಮನೆ ಇದ್ದ ಜಾಗದಲ್ಲಿ ಎರಡು ಮೋಟು ದಂಟು. ಮನೆ ಅಷ್ಟು ದೂರದಲ್ಲಿ, ನಲವತ್ತು ದೋಣಿಗಳ ನಡುವೆ, ಒಂದು ಹಿಡಿ ಕಸದ ಹಾಗೆ ಕುಣಿಯುತ್ತಿತ್ತು. ಕೂಗಲಿಲ್ಲ, ಕೇಳಲಿಲ್ಲ, ನೀರಿನ ಮೇಲೆ ಬಡಬಡನೆ ಓಡಿಹೋಗಿ ಗೂಡು ಹತ್ತಿ, ಪಾಚಿ ಸರಿಸಿ, ಮೊಟ್ಟೆಗಳ ಮೇಲೆ ಕೂತಳು. ದೋಣಿ ಬಂದರೆ ಮುಳುಗುವ ಜಾತಿ ಅವಳದು. ಅವತ್ತು ಅವಳು ಮುಳುಗಲಿಲ್ಲ.

"ಅಪ್ಪಾ, ನಾವು ಹೋಗಿ ತಳ್ಳಿಕೊಂಡು ಬರೋಣ!" ಎಂದವು ಒಂಟಿಕಾಲಲ್ಲಿದ್ದ ಮರಿಗಳು.

ಜಾರಣ್ಣ ನೀರಿಗೆ ಧುಮುಕಲು ಮೈ ಬಗ್ಗಿಸಿದ. "ಒಂದನೇ ಗೆರೆ!" ಎಂದು ರಾಯರು ಗುಡುಗಿದರು. "ಯಾರೂ ದಾಟಬಾರದು! ವಟಪ್ಪ, ಕೂಗು!"

ವಟಪ್ಪ ರಾಯರ ಕೊಕ್ಕು ನೋಡಿದ. ನಡುನೀರಿನಲ್ಲಿ ಕೂತ ಮುಳುಕಕ್ಕನನ್ನು ನೋಡಿದ. ಅವನ ಗಂಟಲಿನ ಚೀಲ ಎರಡು ಸಲ ಉಬ್ಬಿ ಇಳಿಯಿತು.

"ಸ್ವಾಮಿ, ನನ್ನ ಕೆಲಸ ಮುಗಿಯಿತು," ಎಂದ. "ಈಗ ಬೇಕಾದರೆ ತಿನ್ನಿ."

ಎಂಥ ಧೈರ್ಯ ನೋಡಿ! ಅಂಗೈಯಷ್ಟು ಪ್ರಾಣಿ! ರಾಯರು ಬಾಯಿ ತೆರೆದರು, ಆದರೆ ತಿನ್ನಲಿಲ್ಲ. ಆ ಹೊತ್ತಿಗೆ ಜಾರಣ್ಣನ ಇಡೀ ಸಂಸಾರ ನೀರಿಗೆ ಬಿದ್ದಾಗಿತ್ತು. ಹಿಂದೆಯೇ ಚಿಪ್ಪಜ್ಜ ನಾಲ್ಕೂ ಕಾಲು ಬಳಸಿ ಹೊರಟ.

ಆದರೆ ಅವರಿಗಿಂತ ಮೊದಲು ಒಂದು ಕೆಂಪು ದೋಣಿ ಗೂಡಿನ ಬಳಿ ಬರುತ್ತಿತ್ತು. ಅದರಲ್ಲಿದ್ದವರು ವಾರಿಜಾಕ್ಷಮ್ಮ. ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು, ನಿವೃತ್ತಿಯ ನಂತರ ಗೆಳತಿಯರ ಒತ್ತಾಯಕ್ಕೆ ಮೊದಲ ಸಲ ಹುಟ್ಟು ಹಿಡಿದವರು. ಅವರು ಎಡಕ್ಕೆ ಹಾಕಿದರೆ ದೋಣಿ ಬಲಕ್ಕೆ, ಬಲಕ್ಕೆ ಹಾಕಿದರೆ ಹಿಂದಕ್ಕೆ. ಬೆಳಗಿನಿಂದ ಸುತ್ತಿದ ಸುತ್ತಿನಲ್ಲಿ ಎಲ್ಲಾ ದೇವಸ್ಥಾನಗಳ ಪ್ರದಕ್ಷಿಣೆ ಮುಗಿಯಬಹುದಿತ್ತು.

"ಮುಂದೆ ಕಸ ಇದೆ ವಾರಿಜಾ, ಗುದ್ದಿಕೊಂಡು ಹೋಗು, ಏನೂ ಆಗೋಲ್ಲ!" ಎಂದು ಹಿಂದಿನಿಂದ ಗೆಳತಿ ಗುಣಶೀಲಾ ಕೂಗಿದರು.

ವಾರಿಜಾಕ್ಷಮ್ಮ ಕಸವನ್ನು ನೋಡಿದರು. ಕಸ ಅವರನ್ನು ನೋಡಿತು. ಕಸಕ್ಕೆ ಎರಡು ಪುಟ್ಟ ಕಣ್ಣಿತ್ತು, ಮೈಯೆಲ್ಲ ನಡುಗುತ್ತಿತ್ತು, ಆದರೂ ಜಾಗ ಬಿಟ್ಟು ಏಳಲಿಲ್ಲ. ಇಂಥ ಕಣ್ಣನ್ನು ಅವರು ಮೂವತ್ತು ವರ್ಷ ನೋಡಿದ್ದರು.

"ಕಸ ಅಲ್ಲ ಕಣೇ, ಬಾಣಂತಿ!" ಎಂದು ಅವರು ಚೀರಿ, ದೋಣಿ ನಿಲ್ಲಿಸಲು ಬ್ರೇಕು ಹುಡುಕಿದರು. ಬ್ರೇಕು ಇರಲಿಲ್ಲ. ಕೊನೆಗೆ ಇಡೀ ಮೈಯನ್ನು ಒಂದು ಪಕ್ಕಕ್ಕೆ ಎಸೆದರು. ದೋಣಿ ಮಗುಚಿತು, ಗೂಡಿಗೆ ಒಂದು ಮೊಳ ಉಳಿದಿರುವಾಗ.

ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟಿನಲ್ಲಿ ವಾರಿಜಾಕ್ಷಮ್ಮ ಕುಂಬಳಕಾಯಿಯಂತೆ ಮೇಲೆ ಬಂದರು. ಬಾಯಲ್ಲಿದ್ದ ನೀರು ಉಗುಳಿ, ಎರಡೂ ಕೈ ಎತ್ತಿ, ವಾರ್ಡಿನ ದನಿಯಲ್ಲಿ ಹೇಳಿದರು.

"ಯಾರ್ರೀ ಅದು ಗಲಾಟೆ? ಇಲ್ಲಿ ಮೊಟ್ಟೆ ಇಟ್ಕೊಂಡು ಕೂತಿದಾಳೆ, ಕಾಣ್ಸಲ್ವಾ? ಎಲ್ಲಾ ಹುಟ್ಟು ಮೇಲೆತ್ತಿ! ನೀಲಿ ದೋಣಿ, ನಿಮಗೇ ಹೇಳಿದ್ದು. ಹಾಡು ನಿಲ್ಸಿ!"

ನಲವತ್ತು ದೋಣಿಗಳು ನಿಂತವು. ಹಾಡು ನಿಂತಿತು. ಬಾತಿಮಡುವಿನಲ್ಲಿ ಎಷ್ಟೋ ವಾರಗಳ ನಂತರ ಹುಲ್ಲು ಅಲುಗುವ ಸದ್ದು ಕೇಳಿಸಿತು. ನಿಂತ ದೋಣಿಗಳೇ ಎರಡು ಪಕ್ಕ ಗೋಡೆಯಾಗಿ ಅಲೆ ತಡೆದವು. ನಡುವೆ ಜಾರಣ್ಣ, ಅವನ ಹೆಂಡತಿ, ಮರಿಗಳು ಮೂಗಿನಿಂದ ಗೂಡು ತಳ್ಳುತ್ತಾ, ಚಿಪ್ಪಜ್ಜ ಕೆಳಗಿನಿಂದ ಬೆನ್ನು ಕೊಡುತ್ತಾ ಜೊಂಡಿನ ಕಡೆ ಹೊರಟರು. ಮುಳುಕಪ್ಪ ಗೂಡಿನ ಮುಂದೆ ಈಜುತ್ತಿದ್ದ. ದಾರಿಯಲ್ಲಿ ಹೆಂಡತಿ, "ನೀವು ಎಲ್ಲಿ ಹೋಗಿದ್ದಿರಿ?" ಎಂದು ಕೇಳಿದಳು. ಅವನು ಮುಳುಗಲಿಲ್ಲ. "ತಪ್ಪಾಯಿತು," ಎಂದ.

ರಾಯರಿಗೆ ಇದೆಲ್ಲ ತಮ್ಮ ಅಪ್ಪಣೆಯಿಂದಲೇ ನಡೆದಂತೆ ಕಾಣಿಸತೊಡಗಿತು. ಮಗುಚಿದ ಕೆಂಪು ದೋಣಿಯ ಬೆನ್ನಿನ ಮೇಲೆ ಹಾರಿ ಕೂತು, "ಸರಿ, ಸಾಲಾಗಿ! ಎಡಕ್ಕೆ! ಹಾಗೇ!" ಎಂದು ಕೊಕ್ಕು ಆಡಿಸಿದರು. ಖಾಲಿ ದೋಣಿ ಮೆಲ್ಲಗೆ ಹರಿವಿಗೆ ಸಿಕ್ಕಿತು. ಹನ್ನೆರಡನೇ ಗೆರೆ ದಾಟಿತು, ಹದಿಮೂರು ದಾಟಿತು, ಹದಿನಾರೂ ದಾಟಿ ಮಡುವಿನ ಬಾಯಿಗೆ ಬಂತು. ಹಾರಿಹೋಗಬಹುದಿತ್ತು, ರೆಕ್ಕೆ ಇತ್ತಲ್ಲ! ಆದರೆ ಎಲ್ಲರೂ ನೋಡುವಾಗ ಅಧಿಕಾರಿ ಓಡಿಹೋಗುವುದೆ? ರಾಯರು ಗಂಭೀರವಾಗಿ ನಿಂತೇ ಬಂಡೆಗಳ ಮೇಲಿಂದ ಧಡಧಡನೆ ಇಳಿದು ಕಣ್ಮರೆಯಾದರು. ದೋಣಿಯವರೆಲ್ಲ ಟಾಟಾ ಮಾಡಿದರು.

ಒದ್ದೆ ಮುದ್ದೆಯಾಗಿ, ಕುಂಟುತ್ತಾ, ಬಾಲದ ಮೂರು ಗರಿ ಕಳೆದುಕೊಂಡು ಅವರು ನಡೆದು ಬಂದಾಗ ಸಂಜೆಯಾಗಿತ್ತು. ಜೊಂಡಿನ ಮೂಲೆಯ ಎದುರು ನಾಲ್ಕು ಬಿದಿರಿನ ಕೋಲುಗಳು ನಿಂತಿದ್ದವು, ಅವಕ್ಕೆ ಯಾರದೋ ಕೆಂಪು ಟವೆಲ್ಲಿನ ಚೂರುಗಳನ್ನು ಕಟ್ಟಿತ್ತು. ದೋಣಿಯವರೇ ನೆಟ್ಟು ಹೋಗಿದ್ದರು. ಆ ಕೋಲುಗಳು ಎಲ್ಲರಿಗೂ ಕಾಣುತ್ತಿದ್ದವು. ಮಾರನೆಯ ದಿನದಿಂದ ದೋಣಿಗಳು ಬಂದವು, ಕೋಲುಗಳ ಆಚೆಯಿಂದಲೇ ಸದ್ದಿಲ್ಲದೆ ಹೋದವು. ಮಡುವಿನ ಉಳಿದ ಕಡೆ ಎಂದಿನಂತೆ ಗಲಾಟೆ ಇತ್ತು. ಅದಕ್ಕೆ ಯಾರೂ ಸಾಯಲಿಲ್ಲ.

ದಿನ ತುಂಬಿತು. ಮೂರು ಮೊಟ್ಟೆ ಒಡೆದು ಮೂರು ಪಟ್ಟೆಪಟ್ಟೆ ಮರಿ ಹೊರಗೆ ಬಂದವು. ನಾಲ್ಕನೆಯದು ಒಡೆಯಲಿಲ್ಲ.

ರಾಯರು ಗೂಡಿನಿಂದ ದೂರದಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಅಷ್ಟು ದಿನ ಅವರು ಯಾರ ಮುಖವನ್ನೂ ನೋಡಿರಲಿಲ್ಲ. "ಮುಳುಕಕ್ಕ, ನನ್ನಿಂದ ಏನಾದರೂ ಆಗಬೇಕಿತ್ತೇ?"

"ಆಗಬೇಕಿತ್ತು. ಆವತ್ತು," ಎಂದಳು ಮುಳುಕಕ್ಕ. ಆಮೇಲೆ ಅವರ ಮುಖ ನೋಡಿ ಅವಳ ಮನಸ್ಸು ಕರಗಿತು. "ಈಗ ಮರಿಗಳಿಗೆ ತಿನ್ನಿಸಲು ಕರೆದುಕೊಂಡು ಹೋಗಬೇಕು. ಈ ಮೊಟ್ಟೆಯನ್ನು ಬೆಚ್ಚಗೆ ನೋಡಿಕೊಳ್ಳುತ್ತೀರಾ?"

ರಾಯರು ಕೂತರೆ ಗೂಡು ಮುಳುಗಿಬಿಡುತ್ತಿತ್ತು. ಅವರು ಪಕ್ಕದ ಕೆಸರಿನಲ್ಲಿ ಮಂಡಿಯೂರಿ, ಆ ಉದ್ದ ಕುತ್ತಿಗೆಯನ್ನು ಮೂರು ಮಡಿಕೆ ಮಡಚಿ, ಮೊಟ್ಟೆಯ ಮೇಲೆ ಎದೆ ಆನಿಸಿದರು. ನೋಡಲು ಮುರಿದ ಕೊಡೆಯಂತಿದ್ದರು. ನಗಲು ಬಂದ ಜಾರಣ್ಣನ ಮರಿಗಳು ನಗದೆ ಹೋದವು. ದೂರದಲ್ಲಿ ದೋಣಿ ಹೋದಾಗ ಒಂದು ಸಣ್ಣ ಅಲೆ ಬಂತು. ರಾಯರು ತಲೆ ಎತ್ತಿ ದೋಣಿ ಯಾವ ಓಣಿಯಲ್ಲಿದೆ ಎಂದು ನೋಡಲಿಲ್ಲ. ಮೊಟ್ಟೆಗೆ ನೀರು ತಾಗದಂತೆ ರೆಕ್ಕೆ ಅಡ್ಡ ಹಿಡಿದರು.

ಹೀಗೆ ಮೂರು ದಿನ. ನಾಲ್ಕನೆಯ ದಿನ ಮುಳುಕಕ್ಕ ಬಂದು ಮೊಟ್ಟೆಗೆ ಕೆನ್ನೆ ತಾಗಿಸಿ ನೋಡಿದಳು.

"ಸಾಕು ರಾಯರೇ, ಏಳಿ," ಎಂದಳು ಮೆಲ್ಲಗೆ. "ಇದು ಆವತ್ತು ನಡುನೀರಿನಲ್ಲೇ ತಣ್ಣಗಾಗಿತ್ತು. ನನಗೆ ಆವತ್ತೇ ಗೊತ್ತಾಗಿತ್ತು."

ರಾಯರು ಏಳಲಿಲ್ಲ. ಅವರ ಕಣ್ಣಿನಿಂದ ಒಂದು ಹನಿ ಕೊಕ್ಕಿನ ಉದ್ದಕ್ಕೂ ಇಳಿದು ಕೆಸರಿಗೆ ಬಿತ್ತು.

"ನೀನು ಮರಿಗಳ ಹತ್ತಿರ ಹೋಗಮ್ಮ," ಎಂದರು. "ನಾನು ಇನ್ನೊಂದು ದಿನ ನೋಡುತ್ತೇನೆ."

ನೀತಿ: ನೆರೆಯವರು ಒಂದು ಮೂಲೆ ಕಾಯಿರಿ ಎಂದರೆ ಆ ಮೂಲೆಯನ್ನೇ ಕಾಯಬೇಕು, ಇಡೀ ಹೊಳೆಯನ್ನು ತಿದ್ದುವ ಜಂಬಕ್ಕೆ ಬಿದ್ದವನು ಮೊದಲು ಕೆಡಿಸುವುದು ಆ ಮೂಲೆಯನ್ನೇ.